ಕೃಷ್ಣಾ ಸ್ಟೇಶನ್: ನಾವು ಲೆಕ್ಕಕ್ಕೆ ಹಿಡಿಯದ ಆಸ್ತಿ

ನಮ್ಮ ಸೀಮೆಯ ಹಳೆಯ ಆಸ್ತಿ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಉತ್ತರಕ್ಕೆ ತಡವರಿಸುವುದಿಲ್ಲ. ಗದ್ವಾಲದ ಕೋಟೆ ಎನ್ನುತ್ತೇವೆ. ಮಕ್ತಲ್‌ನ ಪಡಮಟಿ ಆಂಜನೇಯಸ್ವಾಮಿಯ ಗುಡಿ ಎನ್ನುತ್ತೇವೆ. ನಾರಾಯಣಪೇಟದ ಸೀರೆ, ಕೃಷ್ಣೆಯ ನಡುಗಡ್ಡೆಯಲ್ಲಿರುವ ಕುರುವಪುರ ಎಂದು ಬೆರಳು ಮಡಿಚುತ್ತಾ ಹೋಗುತ್ತೇವೆ. ಆದರೆ ಈ ಪಟ್ಟಿಯಲ್ಲಿ ಕೃಷ್ಣಾ ರೈಲ್ವೆ ಸ್ಟೇಶನ್ನಿನ ಹೆಸರನ್ನು ಯಾರೂ ಹೇಳುವುದಿಲ್ಲ. ಅದು ಟಿಕೀಟು ತೆಗೆಸುವ ಜಾಗ, ಗಾಡಿಗಾಗಿ ಕಾಯುವ ಜಾಗ, ಅಷ್ಟೇ ಎಂದು ನಾವು ತಿಳಿದಿದ್ದೇವೆ. ದಿನವೂ ಕಣ್ಣಿಗೆ ಬೀಳುವ ವಸ್ತುವಿನ ಬೆಲೆ ಕಣ್ಣಿಗೆ ಬೀಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗಿಡಕ್ಕೆ ಮಾತ್ರ ಹೇಳಿದ್ದಲ್ಲ.

ಈ ವಿಷಯವನ್ನು ಇಲ್ಲಿ ಎತ್ತಲು ಕಾರಣವಿದೆ. 2023ರ ಅಕ್ಟೋಬರ್ 1ರಂದು ಪ್ರಧಾನ ಮಂತ್ರಿಗಳು ಜಕ್ಲೇರ್–ಕೃಷ್ಣಾ ಹೊಸ ರೈಲು ಮಾರ್ಗವನ್ನು ದೇಶಕ್ಕೆ ಅರ್ಪಿಸಿದರು. 37 ಕಿಲೋಮೀಟರುಗಳ ಈ ಮಾರ್ಗಕ್ಕೆ 500 ಕೋಟಿ ರೂಪಾಯಿಗಳಿಗೂ ಹೆಚ್ಚು ವೆಚ್ಚವಾಯಿತು. ಕಾಚಿಗುಡದಿಂದ ರಾಯಚೂರಿಗೆ ಹೋಗಿಬರುವ ಹೊಸ ಗಾಡಿಗೆ ಅಂದು ಕೃಷ್ಣಾ ಸ್ಟೇಶನ್ನಿನಿಂದಲೇ ಹಸಿರು ನಿಶಾನೆ ತೋರಿಸಲಾಯಿತು. ನಮ್ಮ ಸೀಮೆಗೆ ಅದು ಹಬ್ಬದ ದಿನವೇ ಸರಿ. ಆಗ ಹೊರಟ ಸರ್ಕಾರಿ ಪ್ರಕಟಣೆಯಲ್ಲಿ, ಹಿಂದುಳಿದ ನಾರಾಯಣಪೇಟ ಜಿಲ್ಲೆಯ ಪ್ರದೇಶಗಳು ಇದರಿಂದ ಮೊಟ್ಟಮೊದಲ ಬಾರಿಗೆ ರೈಲ್ವೆ ನಕ್ಷೆಗೆ ಸೇರಿದವು ಎಂಬ ಮಾತಿತ್ತು. ಮಕ್ತಲ್, ಮಾಗನೂರುಗಳ ಮಟ್ಟಿಗೆ ಆ ಮಾತು ನಿಜ. ಆದರೆ ಕೇಳಿದವರಲ್ಲಿ ಎಷ್ಟೋ ಜನ, ನಮ್ಮ ಜಿಲ್ಲೆಗೆ ರೈಲು ಬಂದದ್ದೇ 2023ರಲ್ಲಿ ಎಂದು ತಿಳಿದುಕೊಂಡರು. ಮಕ್ಕಳೂ ಹಾಗೆಯೇ ಕಲಿತರೆ ಆಶ್ಚರ್ಯವಿಲ್ಲ. ಹಸಿರು ನಿಶಾನೆ ಬೀಸಿದ ಆ ಕೃಷ್ಣಾ ಸ್ಟೇಶನ್ನು ನಮ್ಮ ಜಿಲ್ಲೆಯಲ್ಲಿಯೇ ಇದೆ. ಅದರ ಮುಂದೆ ಹಾಯುವ ಹಳಿಗಳಿಗೆ ಆ ದಿನಕ್ಕೆ ನೂರೈವತ್ತು ವರ್ಷ ಮೀರಿತ್ತು. ಮನೆಗೆ ಹೊಸ ಸೊಸೆ ಬಂದ ದಿನ ಜಗುಲಿಯ ಮೇಲೆ ಕುಳಿತ ಅಜ್ಜಿಯನ್ನು ಮರೆತ ಹಾಗಾಯಿತು ಇದು.

ಆ ಅಜ್ಜಿಯ ಕಥೆಯನ್ನು ಈಗ ನೋಡೋಣ. ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ. ದೂರ 34 ಕಿಲೋಮೀಟರು. ಅದನ್ನು ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಕಂಪನಿ. ಹೆಸರು ಉದ್ದವಾದ್ದರಿಂದ ಜನ ಅದನ್ನು ಜಿ.ಐ.ಪಿ. ಎಂದು ಕರೆದರು. ಆ ಕಡೆ ಮದರಾಸಿನಲ್ಲಿ 1856ರಲ್ಲಿ ರಾಯಪುರಂ ನಿಲ್ದಾಣದಿಂದ ಮದರಾಸು ರೈಲ್ವೆಯ ಗಾಡಿಗಳು ಹೊರಟವು. ಒಂದು ಪಶ್ಚಿಮ ಸಮುದ್ರದ ದಂಡೆ, ಇನ್ನೊಂದು ಪೂರ್ವ ಸಮುದ್ರದ ದಂಡೆ. ಇವೆರಡನ್ನೂ ಕೂಡಿಸುವುದು ಇಂಗ್ಲಿಷರ ಬಯಕೆಯಾಗಿತ್ತು. ಮುಂಬಯಿಯಿಂದ ಹೊರಟ ದಾರಿ ಸಹ್ಯಾದ್ರಿಯ ಭೋರ್ ಘಟ್ಟವನ್ನು 1863ರಲ್ಲಿ ಏರಿ, ಪುಣೆ, ಸೊಲ್ಲಾಪುರ, ಕಲಬುರ್ಗಿ, ವಾಡಿ, ಯಾದಗಿರಿಗಳ ಮೇಲೆ ಹಾಯ್ದು, ಕೃಷ್ಣಾ ನದಿಯನ್ನು ದಾಟಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ಮದರಾಸಿನ ದಾರಿಯೂ ಕಡಪೆ, ಗುತ್ತಿ, ಆದೋನಿಗಳ ಮಾರ್ಗವಾಗಿ ಅದೇ ವರ್ಷ ಅಲ್ಲಿಗೆ ಬಂದು ಕೂಡಿತು. ಹೀಗೆ ಮುಂಬಯಿಗೂ ಮದರಾಸಿಗೂ ಗಂಟು ಬಿದ್ದದ್ದು ನಮ್ಮ ಮಗ್ಗುಲಿನ ರಾಯಚೂರಿನಲ್ಲಿ. ಆ ಗಂಟಿಗೆ ಮುಂಚಿನ ಎಳೆ ನಮ್ಮ ಕೃಷ್ಣಾ.

ಆಗ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆ. ಅದು 1837ರಿಂದ 1901ರ ವರೆಗೆ ನಡೆಯಿತು. ನಮ್ಮ ಊರುಗಳಿದ್ದದ್ದು ಮಾತ್ರ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ. ಆದ್ದರಿಂದ ವಿಚಿತ್ರವಾದ ಏರ್ಪಾಡೊಂದು ಬೆಳೆಯಿತು. ಹೊಲ, ಊರು, ಚಾವಡಿಗಳು ನಿಜಾಮರ ಅಧಿಕಾರಕ್ಕೆ ಸೇರಿದ್ದವು. ಹಳಿಯ ಪಟ್ಟಿಯ ಮೇಲೆ ನಡೆಯುತ್ತಿದ್ದದ್ದು ಇಂಗ್ಲಿಷರ ಅಧಿಕಾರ. ಊರ ಸಂತೆಯಲ್ಲಿ ಚಲಾವಣೆಯಾಗುತ್ತಿದ್ದದ್ದು ಹಾಲಿ ಸಿಕ್ಕಾ, ಇಂಗ್ಲಿಷರ ಸೀಮೆಯದು ಕಲ್ದಾರ್ ರೂಪಾಯಿ. ಸ್ಟೇಶನ್ನಿನ ಬೇಲಿ ದಾಟುವುದೆಂದರೆ ಒಂದು ಬಗೆಯಲ್ಲಿ ಸೀಮೆಯನ್ನೇ ದಾಟಿದಂತೆ. ಗಡಿಯಲ್ಲಿ ಬದುಕುವುದು ನಮಗೆ 1956ರಲ್ಲಿ ಬಂದ ಪಾಡು ಎಂದು ಹೇಳುವುದುಂಟು. ಅದಕ್ಕಿಂತ ಮೊದಲೂ ನಮ್ಮ ಹಿರಿಯರು ಈ ಹಳಿಯ ಎರಡು ಮಗ್ಗುಲಲ್ಲಿ ಒಂದು ಗಡಿಯನ್ನು ನೋಡಿದ್ದರು.

ಸ್ಟೇಶನ್ನಿಗೆ ಹೆಸರು ಕೊಟ್ಟವಳು ನದಿ. ಇಂಗ್ಲಿಷರು ಹೊಳೆಯ ಹೆಸರನ್ನು ‘ಕಿಸ್ಟ್ನಾ’ ಎಂದು ಬರೆಯುತ್ತಿದ್ದರು. ಇಂದು ನಮ್ಮ ಮಂಡಲಕ್ಕೂ ಅದೇ ಹೊಳೆಯ ಹೆಸರು. ಇಲ್ಲಿಗೆ ತುಸು ಮೇಲೆ ಭೀಮಾ ನದಿ ಬಂದು ಕೃಷ್ಣೆಯನ್ನು ಸೇರುತ್ತದೆ. ಎರಡು ನದಿಗಳ ನೀರು ಒಂದಾಗಿ ಬರುವ ಜಾಗದ ಕೆಳಗೆ ರೈಲು ದಾರಿ ಹೊಳೆಯನ್ನು ದಾಟಬೇಕಾಯಿತು. ಬೇಸಿಗೆಯಲ್ಲಿ ನೋಡಿದರೆ ಬಂಡೆಗಳ ನಡುವೆ ಹರಿಯುವ ನಾಲ್ಕು ಕವಲು ನೀರು. ಶ್ರಾವಣದಲ್ಲಿ ನೋಡಿದರೆ ಎರಡು ದಂಡೆಗಳ ನಡುವೆ ಕೆಂಪು ಸಮುದ್ರ. 2009ರ ಅಕ್ಟೋಬರಿನಲ್ಲಿ ಕೃಷ್ಣೆ ಎಷ್ಟು ಏರಬಲ್ಲಳು ಎಂಬುದನ್ನು ನಾವೇ ಕಂಡೆವು. ಅಂಥ ಹೊಳೆಗೆ, ಸಿಮೆಂಟು ಕಾಂಕ್ರೀಟು ಬಳಕೆಗೆ ಬರುವ ಮುಂಚೆ, ನೀರು ಇಳಿದಿರುವ ತಿಂಗಳುಗಳಲ್ಲಿ ಮಾತ್ರ ಕೆಲಸ ನಡೆಯುವಂತಿದ್ದಾಗ, ಕಂಬ ಎಬ್ಬಿಸಿ ಸೇತುವೆ ಕಟ್ಟಿದರು. ಕಬ್ಬಿಣ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಿತ್ತು. ಕಲ್ಲು ಈ ನೆಲದ್ದು. ಕಲ್ಲು ಒಡೆದವರು, ಮಣ್ಣು ಹೊತ್ತವರು, ಸುಣ್ಣ ಅರೆದವರು ಈ ನೆಲದ ಜನ.

ಅವರ ಹೆಸರುಗಳು ಎಲ್ಲಿಯೂ ಬರೆದಿಟ್ಟಿಲ್ಲ. ಕಂಪನಿಯ ದೊರೆಗಳ, ಎಂಜಿನಿಯರುಗಳ ಹೆಸರುಗಳು ಪುಸ್ತಕಗಳಲ್ಲಿವೆ. ಗಾರೆ ಬುಟ್ಟಿ ಹೊತ್ತ ತಾಯಂದಿರ ಹೆಸರು ಇಲ್ಲ. ಆದರೆ ಅವರು ಕಟ್ಟಿದ್ದು ನಿಂತಿತು. ಇದನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ನಾವು ತಿಳಿಯುತ್ತೇವೆ.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುವುದುಂಟು. ರೈಲನ್ನು ಇಂಗ್ಲಿಷರು ನಮ್ಮ ಮೇಲಿನ ಪ್ರೀತಿಯಿಂದ ತಂದರೇ? ಹತ್ತಿ ಸಾಗಿಸಲು, ದಂಡು ಕಳಿಸಲು ತಂದರು. ಅವರ ಗುರುತುಗಳನ್ನು ನಾವೇಕೆ ಪರಂಪರೆ ಎನ್ನಬೇಕು? ಈ ಮಾತಿನಲ್ಲಿ ಹುರುಳಿದೆ. ಅಮೆರಿಕದಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ದಖ್ಖನಿನ ಹತ್ತಿಯ ಮೇಲೆ ಅವರ ಕಣ್ಣು ಮತ್ತಷ್ಟು ನೆಟ್ಟಿತು. ದಂಡಿನ ವಿಚಾರವೂ ಸುಳ್ಳಲ್ಲ. 1857ರ ಬಂಡಾಯ ಅವರಿಗೆ ಪಾಠ ಕಲಿಸಿತ್ತು. ಇವೆಲ್ಲವನ್ನೂ ಒಪ್ಪೋಣ. ಆದರೆ ಹಣ ಯಾರದು ಎಂಬುದನ್ನೂ ಕೇಳೋಣ. ಈ ಕಂಪನಿಗಳಿಗೆ ಬಂಡವಾಳ ಹಾಕಿದ ಇಂಗ್ಲೆಂಡಿನ ಜನರಿಗೆ ನೂರಕ್ಕೆ 5ರಂತೆ ಬಡ್ಡಿ ಸಿಕ್ಕೇ ಸಿಗುತ್ತದೆ ಎಂದು ಸರ್ಕಾರ ಭರವಸೆ ಕೊಟ್ಟಿತ್ತು. ಗಳಿಕೆ ಸಾಲದಿದ್ದರೆ ಕೊರತೆ ತುಂಬುತ್ತಿದ್ದದ್ದು ಭಾರತದ ಬೊಕ್ಕಸದಿಂದ, ಎಂದರೆ ರೈತನ ಕಂದಾಯದಿಂದ. ಲಾಭ ಬಂದರೆ ಅವರಿಗೆ, ನಷ್ಟ ಬಂದರೆ ನಮಗೆ! ಜಿ.ಐ.ಪಿ.ಯನ್ನು ಸರ್ಕಾರ ಕೊಂಡುಕೊಂಡದ್ದು 1900ರಲ್ಲಿ; ಆಡಳಿತವನ್ನು ನೇರವಾಗಿ ಕೈಗೆ ತೆಗೆದುಕೊಂಡದ್ದು 1925ರಲ್ಲಿ. ಬೆವರು ನಮ್ಮದು, ಕಲ್ಲು ನಮ್ಮದು, ಬಡ್ಡಿ ಕಟ್ಟಿದ ಹಣ ಈ ದೇಶದ್ದು. ಇನ್ನು ಈ ದಾರಿಯನ್ನು ಇಂಗ್ಲಿಷರ ಗುರುತು ಎಂದು ಅವರಿಗೇ ಬಿಟ್ಟುಕೊಡುವುದು ಯಾವ ನ್ಯಾಯ? ಬೆಲೆ ಕೊಟ್ಟವರೇ ಒಡೆಯರು.

ಈ ದಾರಿ ಬಂದ ಮೇಲೆ ನಮ್ಮ ಜನರ ಬದುಕು ಹೇಗೆ ಬದಲಾಯಿತು ಎಂಬುದು ಪಾಠಪುಸ್ತಕಗಳಲ್ಲಿ ಸಿಗುವುದಿಲ್ಲ. ಸಿಕ್ಕರೂ ಎರಡು ಸಾಲಿನಲ್ಲಿ ಮುಗಿಯುತ್ತದೆ. ಮೊದಲು ಹೊತ್ತಿನ ವಿಷಯ. ಹಿಂದೆ ನಮ್ಮ ಊರುಗಳಲ್ಲಿ ಹೊತ್ತು ಎಂದರೆ ಸೂರ್ಯನದು: ಕೋಳಿ ಕೂಗುವ ಹೊತ್ತು, ದನ ಬಿಡುವ ಹೊತ್ತು, ದೀಪ ಹಚ್ಚುವ ಹೊತ್ತು. ಒಂದೊಂದು ಊರಿಗೆ ಒಂದೊಂದು ನಡುಹಗಲು. ಗಾಡಿಗಳು ಹೀಗೆ ಓಡಲಾರವು. ಆದ್ದರಿಂದ ದೇಶದ ರೈಲುಗಳು ಮದರಾಸಿನ ಗಡಿಯಾರವನ್ನು ಹಿಡಿದವು. ಇಡೀ ದೇಶಕ್ಕೆ ಒಂದೇ ಸಮಯ ಎಂಬ ಈಗಿನ ಏರ್ಪಾಡು ಬಂದದ್ದು 1906ರ ಜನವರಿ 1ರಂದು. ನಿಮಿಷ ಎಂಬ ಮಾತಿಗೆ ಹಳ್ಳಿಯಲ್ಲಿ ಬೆಲೆ ಕಟ್ಟಿದ್ದು ಆಗಗಾಡಿಯೇ. ಹೊಗೆಬಂಡಿ, ಉಗಿಬಂಡಿ, ಆಗಗಾಡಿ ಎಂದು ಜನ ಅದಕ್ಕೆ ತಮ್ಮ ಬಾಯಿಗೆ ಬಂದ ಹೆಸರುಗಳನ್ನಿಟ್ಟರು. ಸ್ಟೇಶನ್ನು ‘ಟೇಸನ್ನು’ ಆಯಿತು.

ಎರಡನೆಯದು ಬರದ ವಿಷಯ. ದಾರಿ ತೆರೆದು ಐದಾರು ವರ್ಷಗಳಾಗುವುದರೊಳಗೆ 1876ರಿಂದ 1878ರ ವರೆಗಿನ ಘೋರ ಬರ ಬಂದಿತು. ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರದಲ್ಲಿ ಮುಂದುವರಿದ ಆ ಬರವನ್ನು ಕನ್ನಡ ನಾಡಿನ ಹಿರಿಯರು ಧಾತು ಬರ ಎಂದೇ ಕರೆದರು. ಮದರಾಸು, ಮುಂಬಯಿ ಪ್ರಾಂತಗಳು, ಮೈಸೂರು, ಹೈದರಾಬಾದು, ಎಲ್ಲವೂ ತತ್ತರಿಸಿದವು. ಆಗ ಕಾಳಿನ ಮೂಟೆಗಳು ರೈಲಿನಲ್ಲಿ ಬಂದವು. ಬಂಡಿಗಳಿಂದ ಆಗದ ಕೆಲಸವನ್ನು ಗಾಡಿ ಮಾಡಿತು. ಆದರೆ ರೈಲಿದ್ದ ಕಾರಣದಿಂದಲೇ ವ್ಯಾಪಾರಿಗಳು ಧಾರಣೆ ಏರಿದ ಕಡೆಗೆ ಧಾನ್ಯವನ್ನು ಸಾಗಿಸಲೂ ಸಾಧ್ಯವಾಯಿತು. ಕೊಳ್ಳಲು ಕೈಯಲ್ಲಿ ಕಾಸಿಲ್ಲದವನಿಗೆ ಸ್ಟೇಶನ್ನಿನಲ್ಲಿ ಮೂಟೆಗಳಿದ್ದರೆಷ್ಟು, ಬಿಟ್ಟರೆಷ್ಟು! ರೈಲು ತಾನಾಗಿ ಒಳ್ಳೆಯದನ್ನೂ ಮಾಡದು, ಕೆಟ್ಟದನ್ನೂ ಮಾಡದು, ಮಾಡುವವರು ಮನುಷ್ಯರು. ಈ ಪಾಠವನ್ನು ನಮ್ಮ ಸ್ಟೇಶನ್ನಿನ ಇತಿಹಾಸದಿಂದ ಮಕ್ಕಳು ಕಲಿಯಬಹುದು.

ಮೂರನೆಯದು ದುಡಿಮೆಯ ವಿಷಯ. ಪಾಲಮೂರಿನ ಕೂಲಿ ಎಂದರೆ ಮುಂಬಯಿಯಲ್ಲಿ, ಪುಣೆಯಲ್ಲಿ ತಿಳಿಯದವರಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಜನ ಗಂಟುಮೂಟೆ ಕಟ್ಟಿಕೊಂಡು ಹೋದದ್ದು ಈ ದಾರಿಯಲ್ಲಿಯೇ. ತೆಲಂಗಾಣದ ನೇಕಾರರು ಸೊಲ್ಲಾಪುರದ ಮಗ್ಗಗಳಿಗೂ ಗಿರಣಿಗಳಿಗೂ ಹೋಗಿ ನೆಲೆಸಿದರು. ಮೂರನೆಯ ದರ್ಜೆಯ ಡಬ್ಬಿಗಳಲ್ಲಿ ಕುರಿಗಳಂತೆ ತುಂಬಿಕೊಂಡು ಹೋದ ಆ ಪ್ರಯಾಣದ ಕಷ್ಟ ಸಾಮಾನ್ಯವಾದುದಲ್ಲ. ದೇಶದಾದ್ಯಂತ ಹೀಗೆಯೇ ಇತ್ತೆಂಬುದಕ್ಕೆ ಗಾಂಧೀಜಿಯವರು 1917ರಲ್ಲಿ ಮೂರನೆಯ ದರ್ಜೆಯ ಪ್ರಯಾಣಿಕರ ಪಾಡನ್ನು ಕುರಿತು ಬರೆದದ್ದೇ ಸಾಕ್ಷಿ. ಹೋದವರು ಹಣ ಕಳಿಸಿದರು, ಪತ್ರ ಕಳಿಸಿದರು, ಒಮ್ಮೊಮ್ಮೆ ಸುದ್ದಿಯೇ ಇಲ್ಲದಂತಾದರು. ಸ್ಟೇಶನ್ನಿನ ಫಲಾಟು ಎಷ್ಟು ತಾಯಂದಿರ ಕಣ್ಣೀರು ಕಂಡಿದೆಯೋ ಲೆಕ್ಕವಿಲ್ಲ.

ನಾಲ್ಕನೆಯದು ಭಕ್ತಿಯ ವಿಷಯ. ಈ ದಾರಿಯ ಸ್ಟೇಶನ್ನುಗಳ ಹೆಸರುಗಳನ್ನು ಸಾಲಾಗಿ ಓದಿ ನೋಡಿರಿ. ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್, ರಾಯಚೂರಿನಾಚೆ ಮಂತ್ರಾಲಯಂ ರೋಡ್. ‘ರೋಡ್’ ಎಂದರೆ ಊರು ಇಲ್ಲಿಂದ ತುಸು ದೂರ, ಇಳಿದು ಮುಂದೆ ನಡೆಯಿರಿ ಎಂದರ್ಥ. ಸ್ವಾಮಿ ಸಮರ್ಥರ ಅಕ್ಕಲಕೋಟ, ನೃಸಿಂಹ ಸರಸ್ವತಿಗಳ ಗಾಣಗಾಪುರ, ಶ್ರೀಪಾದ ಶ್ರೀವಲ್ಲಭರ ಕುರುವಪುರ, ರಾಘವೇಂದ್ರ ಸ್ವಾಮಿಗಳ ಮಂತ್ರಾಲಯ. ಹತ್ತಿ ಸಾಗಿಸಲೆಂದು ಹಾಕಿದ ಹಳಿಗಳ ಮೇಲೆ ನಮ್ಮ ಜನ ಒಂದು ತೀರ್ಥಯಾತ್ರೆಯ ದಾರಿಯನ್ನೇ ಮಾಡಿಕೊಂಡರು. ಹಾಕಿದವರ ಉದ್ದೇಶ ಒಂದು, ಬಳಸಿದವರ ಉದ್ದೇಶ ಮತ್ತೊಂದು. ಪರಂಪರೆ ಎಂಬುದು ಕಟ್ಟಿದವರಿಂದ ಆಗುವುದಕ್ಕಿಂತ ಬಳಸಿದವರಿಂದ ಆಗುವುದೇ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇದೇ ಸಾಲಿನಲ್ಲಿ ನಮ್ಮದೊಂದು ಹೆಸರೂ ಇತ್ತು: ನಾರಾಯಣಪೇಟ ರೋಡ್. ಯಾದಗಿರಿಗೂ ಕೃಷ್ಣಾಕ್ಕೂ ನಡುವಿನ ಈ ಸ್ಟೇಶನ್ನು ಇರುವುದು ಕರ್ನಾಟಕದ ಸೈದಾಪುರದಲ್ಲಿ. ನಾರಾಯಣಪೇಟದ ವ್ಯಾಪಾರಿ ರೈಲು ಹಿಡಿಯಬೇಕಾದರೆ ಬಂಡಿ ಕಟ್ಟಿಕೊಂಡು ಅಲ್ಲಿಗೆ ಹೋಗಬೇಕಾಗಿತ್ತು. ಅದು ಒಂದು ಹಗಲಿನ ದಾರಿ. ಈಗ ಆ ಸ್ಟೇಶನ್ನಿಗೆ ಸೈದಾಪುರ ಎಂದೇ ಹೆಸರು. ಇದ್ದ ಊರಿನ ಹೆಸರು ಇರುವುದು ನ್ಯಾಯವೇ; ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಹಳೆಯ ಹೆಸರು ಹೋದಾಗ ಅದರ ಜೊತೆಗೆ ಒಂದು ನೆನಪೂ ಹೋಗುತ್ತದೆ. ನಾರಾಯಣಪೇಟದ ಸೀರೆ ಹೊರ ಪ್ರಾಂತಗಳ ಪೇಟೆಗಳನ್ನು ಕಾಣಲು ಯಾವ ಬಾಗಿಲಿನಿಂದ ಹೊರಟಿತ್ತು ಎಂದು ನಾಳಿನ ಮಕ್ಕಳು ಕೇಳಿದರೆ ತೋರಿಸಲು ಫಲಕ ಇಲ್ಲ. ಫಲಕದಲ್ಲಿ ಇಲ್ಲದ್ದು ಪುಸ್ತಕದಲ್ಲಾದರೂ ಇರಬೇಕು.

ಇನ್ನು ಗಡಿಯ ಮಾತು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ ರಾಯಚೂರು, ಕಲಬುರ್ಗಿಗಳು ಮೈಸೂರು ರಾಜ್ಯಕ್ಕೆ ಹೋದವು. ಮಕ್ತಲ್, ನಾರಾಯಣಪೇಟಗಳಿದ್ದ ಮಹಬೂಬನಗರ ಜಿಲ್ಲೆ ಆಂಧ್ರ ಪ್ರದೇಶಕ್ಕೆ ಬಂದಿತು. ಅಲ್ಲಿಯ ವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್, ಆಲಂಪುರ ತಾಲೂಕುಗಳೂ ಈ ಕಡೆಗೆ ಸೇರಿದವು. 2014ರ ಜೂನ್ 2ರಂದು ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ್ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟ ಜಿಲ್ಲೆಯಾಯಿತು. ರೈಲ್ವೆಯ ಆಡಳಿತವೂ ಕೈಬದಲಾಯಿಸಿತು. 1951ರಲ್ಲಿ ಸೆಂಟ್ರಲ್ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದವು. ಇಷ್ಟು ಗೆರೆಗಳು ನಕ್ಷೆಯ ಮೇಲೆ ಬಿದ್ದವು. ಒಂದು ಗೆರೆ ಮಾತ್ರ ಅಳಿಯಲಿಲ್ಲ, ಬಾಗಲಿಲ್ಲ. ಅದು ಕೃಷ್ಣಾದಿಂದ ರಾಯಚೂರಿಗೆ ಹೋಗುವ ಕಬ್ಬಿಣದ ಗೆರೆ.

ಕನ್ನಡ ಮಾತಾಡುವ ನಮ್ಮ ಗಡಿಯ ಹಳ್ಳಿಗಳಿಗೆ ಈ ಗೆರೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗು ಕನ್ನಡದಲ್ಲಿಯೇ ಮುಂದೆ ಓದಬೇಕೆಂದರೆ ರಾಯಚೂರಿನ ಕಡೆ ನೋಡುತ್ತದೆ. ದವಾಖಾನೆಗೆ, ಬಜಾರಕ್ಕೆ, ಬೀಗತನಕ್ಕೆ, ಕನ್ನಡ ಪುಸ್ತಕಕ್ಕೆ ನಾವು ಹೊಳೆ ದಾಟುತ್ತೇವೆ. ರಾಜ್ಯ ಬೇರೆಯಾದರೂ ನಂಟು ಬೇರೆಯಾಗಲಿಲ್ಲ. ಆ ನಂಟನ್ನು ಕಾಪಾಡಿದ್ದರಲ್ಲಿ ಬಸ್ಸಿನ ದಾರಿಗಿಂತ ಹಳೆಯದಾದ ಈ ರೈಲು ದಾರಿಯ ಪಾಲು ದೊಡ್ಡದು. ಹೈದರಾಬಾದಿನ ಕಡೆಗೆ ಮಾತ್ರ ನಮ್ಮ ದಾರಿ ಬಹುಕಾಲ ಸುತ್ತುಬಳಸಿನದಾಗಿತ್ತು. 1874ರಲ್ಲಿ ನಿಜಾಮರ ರೈಲ್ವೆ ವಾಡಿಯಿಂದ ಸಿಕಂದರಾಬಾದಿಗೆ ಹೋಯಿತು. ಕೃಷ್ಣಾದವರು ಉತ್ತರಕ್ಕೆ ವಾಡಿಯ ವರೆಗೆ ಹೋಗಿ ಅಲ್ಲಿಂದ ಪೂರ್ವಕ್ಕೆ ತಿರುಗಬೇಕು. 1916ರಲ್ಲಿ ಕಾಚಿಗುಡದ ಚೆಲುವಾದ ನಿಲ್ದಾಣ ಎದ್ದಿತು. ಆ ಕಡೆಯಿಂದ ಮಹಬೂಬನಗರದ ಮೇಲೆ ಗದ್ವಾಲಕ್ಕೆ ಮೀಟರ್ ಗೇಜ್ ದಾರಿ ಬಂದಿತು. ಆದರೆ ಗದ್ವಾಲಕ್ಕೂ ರಾಯಚೂರಿಗೂ ರೈಲು ಕೂಡಿದ್ದು 2013ರಲ್ಲಿ. 1997–98ರಲ್ಲಿ ಮಂಜೂರಾದ ಮಹಬೂಬನಗರ–ಮುನಿರಾಬಾದ ಮಾರ್ಗದ ಭಾಗವಾಗಿ ಮಕ್ತಲ್ ಮೇಲೆ ಕೃಷ್ಣಾಕ್ಕೆ ಹಳಿ ಕೂಡಿದ್ದು 2023ರಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ದಾರಿಗೂ ನಿಜಾಮರ ಕಾಲದ ಕಾಚಿಗುಡಕ್ಕೂ ನಮ್ಮ ಕೃಷ್ಣಾದಲ್ಲಿ ಹೀಗೆ ಲಗ್ನವಾಯಿತು.

ಈಗ ಮುಖ್ಯವಾದ ಪ್ರಶ್ನೆ. ಜಂಕ್ಷನ್ ಆದ ಮೇಲೆ ಸ್ಟೇಶನ್ನು ಬೆಳೆಯುತ್ತದೆ, ಬೆಳೆಯಲೇಬೇಕು. ಹೊಸ ಫಲಾಟು, ಹೊಸ ಕಟ್ಟಡ, ಮೇಲ್ಸೇತುವೆ ಬರಲಿ. ಮುಪ್ಪಿನವರು ಏರಿಳಿಯಲು ಅನುಕೂಲವಾಗಲಿ, ಕುಡಿಯುವ ನೀರು, ಶೌಚಾಲಯ, ಹೆಣ್ಣುಮಕ್ಕಳು ಕೂಡಲು ನೆರಳು ಇರಲಿ. ಆದರೆ ಬೆಳೆಯುವ ಭರದಲ್ಲಿ ಹಳೆಯದನ್ನು ನೋಡದೆ ಒಡೆಯುವುದು ನಮ್ಮ ದೇಶದಲ್ಲಿ ಸಾಮಾನ್ಯ ಸಂಗತಿ. ಹಳೆಯ ಕಲ್ಲು ಗುತ್ತಿಗೆದಾರನಿಗೆ ರಾಶಿ ಕಲ್ಲು. ಹಳೆಯ ಕಬ್ಬಿಣ ಅವನಿಗೆ ಮೋಡಕಾ. ಯಾವುದು ಇತಿಹಾಸ, ಯಾವುದು ಮೋಡಕಾ ಎಂದು ಹೇಳಬೇಕಾದವರು ಊರಿನವರು. ಹೇಳಲು ಊರಿನವರಿಗೆ ಗೊತ್ತಿರಬೇಕು. ಗೊತ್ತಾಗಬೇಕಾದರೆ ಬರೆದಿಟ್ಟಿರಬೇಕು.

ಹಳೆಯ ಸ್ಟೇಶನ್ನನ್ನು ಉಳಿಸಿಕೊಂಡು ಹೊಸ ಅನುಕೂಲಗಳನ್ನು ಮಾಡಿಕೊಳ್ಳಲು ಸಾಧ್ಯವೇ ಎಂದು ಸಂಶಯಪಡುವವರು ಇದೇ ಜಿ.ಐ.ಪಿ. ದಾರಿಯ ಇನ್ನೊಂದು ತುದಿಯನ್ನು ನೋಡಲಿ. ಮುಂಬಯಿಯ ಬೋರಿಬಂದರಿನಲ್ಲಿ 1878ರಿಂದ 1888ರ ವರೆಗೆ ಕಟ್ಟಿದ ವಿಕ್ಟೋರಿಯಾ ಟರ್ಮಿನಸ್, ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದು ದೊಡ್ಡ ಅರಮನೆ, ನಮ್ಮದು ಸಣ್ಣ ಸ್ಟೇಶನ್ನು ಎನ್ನುತ್ತೀರೇ? ಹಾಗಾದರೆ ಅಲ್ಲಿಂದ ಕೆಲವೇ ನಿಲ್ದಾಣಗಳಾಚೆಗಿನ ಬೈಕುಲ್ಲಾವನ್ನು ನೋಡಿರಿ. ವಿಕ್ಟೋರಿಯಾ ಕಾಲದ ಆ ಉಪನಗರದ ನಿಲ್ದಾಣದಲ್ಲಿ ಲೋಕಲ್ ಗಾಡಿಗಳ ಜನಸಂದಣಿ ಹಗಲಿರುಳೂ ತಪ್ಪದು. ಅದರ ಹಳೆಯ ರೂಪವನ್ನು ಮತ್ತೆ ಬೆಳಕಿಗೆ ತಂದರು. 2022ರಲ್ಲಿ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಅದಕ್ಕೂ ಒಂದು ಸಂದಿತು. ಅಷ್ಟು ದಟ್ಟಣೆಯ ನಡುವೆ ಅಲ್ಲಿ ಆದದ್ದು, ಬಯಲಿನ ನಡುವೆ ಇಲ್ಲಿ ಏಕೆ ಆಗದು? ಕರ್ನಾಟಕದಲ್ಲಿಯೂ ಯಲಹಂಕ–ಚಿಕ್ಕಬಳ್ಳಾಪುರ ದಾರಿಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಂಥ ಪುಟ್ಟ ನಿಲ್ದಾಣಗಳ ಹಳೆಯ ಕಟ್ಟಡಗಳಿಗೆ ಪರಂಪರೆಯೆಂಬ ಗೌರವ ಸಿಕ್ಕಿದೆ. ಅವು ನಮ್ಮ ದಾರಿಗಿಂತ ನಲವತ್ತು ವರ್ಷ ಚಿಕ್ಕವು.

ಆದರೆ ಸ್ಟೇಶನ್ನಿನ ಪರಂಪರೆ ಸುಣ್ಣಬಣ್ಣದಿಂದ ಮಾತ್ರ ಉಳಿಯುವುದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಮಾತಿದೆ ನೋಡಿರಿ: ನಿಲ್ದಾಣ. ನಿಲ್ಲುವುದು ಆ ಮಾತಿನಲ್ಲಿಯೇ ಇದೆ. ಗಾಡಿ ನಿಂತರೆ ನಿಲ್ದಾಣ. ನಿಲ್ಲದೆ ಹಾಯ್ದುಹೋದರೆ ಅದು ಬರಿಯ ಕಟ್ಟಡ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತಾಗ ಹಳಿಯಿದ್ದೂ ದಾರಿಯಿಲ್ಲದ ಪಾಡನ್ನು ನಾವೆಲ್ಲ ಕಂಡೆವು. ಕಲ್ಲಿನ ಗೋಡೆಯನ್ನು ಕಾಪಾಡಿ, ಬಡವರ ಪ್ಯಾಸೆಂಜರ್ ಗಾಡಿಯನ್ನು ಕಾಪಾಡದಿದ್ದರೆ ಅದು ಹೂವಿನ ಕುಂಡವಿಟ್ಟು ಬಾವಿ ಮುಚ್ಚಿದಂತೆ. ನೂರೈವತ್ತು ವರ್ಷಗಳಿಂದ ಕೂಲಿಯವನೂ, ಯಾತ್ರಿಕನೂ, ಸೀರೆಯ ಗಂಟಿನವನೂ, ಪುಸ್ತಕದ ಚೀಲದ ಮಗುವೂ ಏರಿ ಇಳಿದದ್ದೇ ಈ ಜಾಗದ ನಿಜವಾದ ಪರಂಪರೆ. ಆದ್ದರಿಂದ ನಮ್ಮ ಬೇಡಿಕೆ ಎರಡು ಮುಖದ್ದು. ಹಳೆಯದನ್ನು ಒಡೆಯುವ ಮುನ್ನ ನೋಡಿರಿ. ಸಣ್ಣ ಗಾಡಿಗಳನ್ನು ತಪ್ಪದೆ ನಿಲ್ಲಿಸಿರಿ.

ಸರ್ಕಾರ ಮಾಡಬೇಕಾದದ್ದನ್ನು ಸರ್ಕಾರಕ್ಕ ಹೇಳೋಣ. ನಾವು ಮಾಡಬಹುದಾದದ್ದೂ ಬಹಳಷ್ಟಿದೆ. ಅದಕ್ಕೆ ಯಾರ ಮಂಜೂರಾತಿಯೂ ಬೇಕಾಗಿಲ್ಲ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ರೈಲ್ವೆಯಲ್ಲಿ ದುಡಿದ ಹಿರಿಯರಿದ್ದರೆ ಅವರ ಬಳಿ ಕುಳಿತುಕೊಳ್ಳಿರಿ. ಗ್ಯಾಂಗ್‌ಮನ್ ಕೆಲಸ ಎಂದರೆ ಏನು, ಕೈಯಿಂದ ಎಳೆಯುವ ಸಿಗ್ನಲ್ ಹೇಗಿತ್ತು, ಮಂಜಿನ ರಾತ್ರಿಯಲ್ಲಿ ದೀಪ ಹಿಡಿದು ಹೇಗೆ ಹಳಿ ಕಾಯುತ್ತಿದ್ದರು, ಉಗಿಯ ಎಂಜಿನ್ನಿಗೆ ನೀರು ಹೇಗೆ ತುಂಬುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿರಿ. ನಮ್ಮ ದೇಶದ ಬ್ರಾಡ್‌ಗೇಜ್ ಹಳಿಯ ಮೇಲೆ ಉಗಿ ಎಂಜಿನ್ನುಗಳ ದಿನನಿತ್ಯದ ಓಡಾಟ 1995ರಲ್ಲಿ ಮುಗಿಯಿತು. ಅದನ್ನು ಕೈಯಾರೆ ಕಂಡವರು ಇನ್ನೆಷ್ಟು ವರ್ಷ ನಮ್ಮ ನಡುವೆ ಇರುತ್ತಾರೆ? ಒಬ್ಬ ಮುದುಕ ಹೋದರೆ ಒಂದು ಕಪಾಟು ಪುಸ್ತಕ ಹೋದಂತೆ.

ಹಳೆಯ ಸ್ಟೇಶನ್ನುಗಳ ಸುತ್ತ ಬೇಲಿಗೆ, ಕಂಬಕ್ಕೆ ಹಳಿಯ ತುಂಡುಗಳನ್ನು ನೆಟ್ಟಿರುತ್ತಾರೆ. ಅವುಗಳ ಮಗ್ಗುಲಲ್ಲಿ ತಯಾರಿಸಿದ ಕಾರಖಾನೆಯ ಹೆಸರೂ ವರ್ಷವೂ ಉಬ್ಬಿದ ಅಕ್ಷರಗಳಲ್ಲಿ ಇರುವುದುಂಟು. ಕಂಡರೆ ಬರೆದುಕೊಳ್ಳಿರಿ. ನಾವು ಶಾಸನ ಎಂದರೆ ಕಲ್ಲಿನ ಮೇಲಿನದು ಎಂದುಕೊಂಡಿದ್ದೇವೆ; ಇದು ಕಬ್ಬಿಣದ ಶಾಸನ. ಆದರೆ ಒಂದು ಮಾತು: ಹಳಿಯ ಮೇಲೆ, ಸೇತುವೆಯ ಮೇಲೆ ಹೋಗುವುದು ಪ್ರಾಣಾಪಾಯ, ಕಾನೂನಿಗೂ ವಿರುದ್ಧ. ನೋಡಬೇಕಾದದ್ದನ್ನು ಗುರುಗಳ ಜೊತೆಗೆ, ಸ್ಟೇಶನ್ ಮಾಸ್ತರರ ಅಪ್ಪಣೆ ಪಡೆದು ನೋಡಿರಿ.

ಪಾಲಕರಲ್ಲಿಯೂ ನಮ್ಮ ವಿನಂತಿ ಇದೆ. ಮುಂಬಯಿಗೆ, ಸೊಲ್ಲಾಪುರಕ್ಕೆ ದುಡಿಯಲು ಹೋದ ನಿಮ್ಮ ತಂದೆ ತಾತಂದಿರ ಪತ್ರಗಳು, ಮನಿಯಾರ್ಡರ್ ಚೀಟಿಗಳು, ಹಳೆಯ ದಪ್ಪ ಟಿಕೀಟುಗಳು ಮಾಡಿನ ಸಂದಿಯಲ್ಲಿ, ಟ್ರಂಕಿನ ತಳದಲ್ಲಿ ಇದ್ದರೆ ದೀಪಾವಳಿಯ ಕಸದೊಡನೆ ಹೊರಗೆ ಹಾಕಬೇಡಿರಿ. ಶಾಲೆಗೆ ತಂದು ತೋರಿಸಿರಿ. ಇಂಥ ವಸ್ತುಗಳನ್ನು ಒಂದು ಕಡೆ ಸೇರಿಸಿ, ಹಿರಿಯರ ಮಾತುಗಳನ್ನು ಒಂದು ದೊಡ್ಡ ವಹಿಯಲ್ಲಿ ಕನ್ನಡದಲ್ಲಿ ಬರೆದಿಟ್ಟರೆ ಅದೇ ನಮ್ಮ ಸ್ಟೇಶನ್ನಿನ ಮೊದಲ ಚರಿತ್ರೆ. ಅದರಿಂದ ನಾಲ್ಕು ಸಾಲು ಆಯ್ದು, ಸ್ಟೇಶನ್ನಿನಲ್ಲಿ ಒಂದು ಫಲಕ ಹಾಕಿರೆಂದು ರೈಲ್ವೆಯವರನ್ನು ಕೇಳೋಣ. ತೆಲುಗಿನಲ್ಲಿಯೂ ಇರಲಿ, ಹಿಂದಿಯಲ್ಲಿಯೂ ಇರಲಿ. ಗಡಿಯ ಈ ಊರಿನಲ್ಲಿ ಕನ್ನಡದಲ್ಲಿಯೂ ಇರಲಿ. ಕಲ್ಲು ಹೊತ್ತವರಲ್ಲಿ ಕನ್ನಡ ಮಾತಾಡುವವರೂ ಇದ್ದರು, ತೆಲುಗು ಮಾತಾಡುವವರೂ ಇದ್ದರು. ಹೊಳೆ ಯಾರನ್ನೂ ಭಾಷೆ ಕೇಳಲಿಲ್ಲ.

2071ಕ್ಕೆ ಈ ದಾರಿಗೆ ಇನ್ನೂರು ವರ್ಷ ತುಂಬುತ್ತದೆ. ಇಂದು ಹೈಸ್ಕೂಲಿನಲ್ಲಿ ಓದುತ್ತಿರುವವರು ಅಂದಿಗೆ ಅಜ್ಜ ಅಜ್ಜಿಯರಾಗಿರುತ್ತಾರೆ. ನಮ್ಮ ಸೀಮೆಗೆ ರೈಲು ಯಾವಾಗ ಬಂದಿತು, ಯಾರು ಕಟ್ಟಿದರು, ಯಾರು ಏರಿದರು ಎಂದು ಮೊಮ್ಮಕ್ಕಳು ಅವರನ್ನು ಕೇಳುತ್ತಾರೆ. ಅವರ ಕೈಯಲ್ಲಿ ಕೊಡಲು ಆ ವಹಿ ಇರುವಂತೆ ಮಾಡುವುದು ಇಂದಿನ ನಮ್ಮೆಲ್ಲರ ಕೆಲಸ. ಈ ಬೇಸಿಗೆಯ ರಜೆಯಲ್ಲಿಯೇ ಅದರ ಮೊದಲ ಹಾಳೆ ಬರೆಯೋಣ.